ಪತ್ತನಾಜೆಯಿಂದ ಚೌತಿಯವರೆಗೆ: ಕನ್ಸೋಲಿನ ಆನ್‌ಲೈನ್ ಚಂದಾ ಯಾರಿಗೆ ಬೇಕು, ಎಷ್ಟು ತಿಂಗಳಿಗೆ ಬೇಕು

ಅಕ್ಕನ ಮಗ ಮಂಗಳೂರಿನ ಬಳಿಯ ಸುರತ್ಕಲ್ ಟೋಲ್ ಗೇಟಿನ ಮಾತೆತ್ತಿದ ದಿನ ನನಗೆ ಈ ವ್ಯವಹಾರ ಅರ್ಥವಾಯಿತು. ಟಿವಿಗೆ ಜೋಡಿಸಿ ಆಡುವ ಕನ್ಸೋಲಿಗೆ ದುಡ್ಡು ಕೊಟ್ಟಾಗಿತ್ತು. ಫುಟ್‌ಬಾಲ್ ಆಟದ ಡಿಸ್ಕಿಗೆ ಕೊಟ್ಟಾಗಿತ್ತು. ಫೈಬರ್ ಇಂಟರ್ನೆಟ್ಟಿಗೆ ತಿಂಗಳು ತಿಂಗಳು ಕೊಡುತ್ತಲೇ ಇದ್ದೇವೆ. ಇಷ್ಟಾದ ಮೇಲೂ ಕದ್ರಿಯಲ್ಲಿರುವ ಗೆಳೆಯನ ಜೊತೆ ಆಡಬೇಕಾದರೆ ಇನ್ನೊಂದು ಚಂದಾ ಕಟ್ಟಬೇಕಂತೆ. ‘ಮಾವ, ನಿಮ್ಮ ಕಾರ್ಡ್ ಒಮ್ಮೆ ಕೊಡಿ’ ಎಂದು ಬಂದು ನಿಂತಾಗ ನನಗೆ ಸಿಟ್ಟೇ ಬಂತು. ‘ಇದು ಯಾವ ನ್ಯಾಯ ಮಾರಾಯ?’ ಎಂದೆ. ‘ಕಾರು ನಿಮ್ಮದು, ಪೆಟ್ರೋಲು ನಿಮ್ಮದು. ಆದರೂ ಸುರತ್ಕಲ್‌ನಲ್ಲಿ ಟೋಲ್ ಕಟ್ಟುತ್ತಿರಲಿಲ್ಲವೇ?’ ಎಂದ.

ಆ ಟೋಲನ್ನು ಎತ್ತಿಸಲು ಜನ ಹಗಲೂ ರಾತ್ರಿ ಧರಣಿ ಕೂತರು. 2022ರ ಡಿಸೆಂಬರಿನಲ್ಲಿ ವಸೂಲಿ ನಿಂತಿತು. ಕನ್ಸೋಲಿನ ಟೋಲು ಮಾತ್ರ ಇಪ್ಪತ್ತು ವರ್ಷ ದಾಟಿಯೂ ಅಲುಗಾಡಿಲ್ಲ. ಇದನ್ನು ಶುರು ಮಾಡಿದ್ದು ಮೈಕ್ರೋಸಾಫ್ಟ್, 2002ರ ನವೆಂಬರಿನಲ್ಲಿ, ತನ್ನ ಕನ್ಸೋಲಾದ ಎಕ್ಸ್‌ಬಾಕ್ಸಿಗೆ, ಎಕ್ಸ್‌ಬಾಕ್ಸ್ ಲೈವ್ ಎಂಬ ಹೆಸರಿನಲ್ಲಿ. ಸೋನಿ ತನ್ನ ಪ್ಲೇಸ್ಟೇಷನ್ 3 (ಪಿಎಸ್3) ಕನ್ಸೋಲಿನ ಕಾಲದಲ್ಲಿ ಆನ್‌ಲೈನ್ ಆಟಕ್ಕೆ ಕಾಸು ಕೇಳುತ್ತಿರಲಿಲ್ಲ. 2010ರಲ್ಲಿ ಪ್ಲೇಸ್ಟೇಷನ್ ಪ್ಲಸ್ ಎಂಬ ಚಂದಾ ಬಂದಾಗಲೂ ಅದು ಬೇಕಾದವರಿಗಷ್ಟೇ ಇತ್ತು. 2013ರಲ್ಲಿ ಪಿಎಸ್4 ಬಂದದ್ದೇ ಗೇಟು ಬಿತ್ತು. ನಿಂಟೆಂಡೊ 2018ರ ಸೆಪ್ಟೆಂಬರಿನವರೆಗೆ ತಡೆದುಕೊಂಡಿತು, ಆಮೇಲೆ ಅದೂ ಸಾಲಿಗೆ ಸೇರಿತು. ಕಂಪ್ಯೂಟರಿನಲ್ಲಿ ಆಡುವವರು ಇವತ್ತಿಗೂ ಇಂಥ ದುಡ್ಡು ಕೊಡುವುದಿಲ್ಲ. ಹಾಗಾಗಿ ಸರ್ವರ್ ನಡೆಸುವ ಖರ್ಚಿಗಾಗಿಯೇ ಇದು ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಎಷ್ಟೋ ಆಟಗಳ ಸರ್ವರನ್ನು ಆಟ ಮಾಡಿದವರೇ ನಡೆಸುತ್ತಾರೆ.

ಧರಣಿ ಒಮ್ಮೆಯೂ ಆಗಿಲ್ಲ ಎನ್ನುವಂತಿಲ್ಲ. 2021ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಗೋಲ್ಡ್ ಎಂಬ ತನ್ನ ಆನ್‌ಲೈನ್ ಸದಸ್ಯತ್ವದ ದರವನ್ನು ಏರಿಸುವುದಾಗಿ ಹೇಳಿತು. ಆಟಗಾರರು ತಿರುಗಿ ಬಿದ್ದರು. ಅದೇ ದಿನ ಕಂಪನಿ ಹೆಜ್ಜೆ ಹಿಂದಿಟ್ಟಿತು. ಅಷ್ಟೇ ಅಲ್ಲ, ಉಚಿತವಾಗಿ ಸಿಗುವ ಆಟಗಳನ್ನು ಆನ್‌ಲೈನಿನಲ್ಲಿ ಆಡಲು ಚಂದಾ ಬೇಡ ಎಂದು ಆ ವರ್ಷದ ಏಪ್ರಿಲಿನಿಂದ ನಿಯಮವನ್ನೇ ಬದಲಿಸಿತು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಪೊಟ್ಟಣ, ಎರಡು ಸಾಮಾನು

ಚಂದಾ ಎಂಬ ಒಂದೇ ಪೊಟ್ಟಣದೊಳಗೆ ಎರಡು ಬೇರೆ ಬೇರೆ ಸಾಮಾನು ಇವೆ. ಒಂದು ಗೇಟು, ಅಂದರೆ ಬೇರೆ ಮನೆಯಲ್ಲಿ ಕೂತವರ ಜೊತೆ ಆಡುವ ಪರವಾನಗಿ. ಇನ್ನೊಂದು ಲೈಬ್ರರಿ, ಅಂದರೆ ಚಂದಾ ಇರುವಷ್ಟು ದಿನ ಆಡಬಹುದಾದ ಆಟಗಳ ಕಪಾಟು. ಪ್ಲೇಸ್ಟೇಷನ್ ಪ್ಲಸ್ಸಿನಲ್ಲಿ 2022ರ ಜೂನಿನಿಂದ ಮೂರು ದರ್ಜೆಗಳಿವೆ. ಎಸೆನ್ಷಿಯಲ್‌ನಲ್ಲಿ ಗೇಟು ಮತ್ತು ತಿಂಗಳಿಗೆ ಕೆಲವು ಆಟ. ಎಕ್ಸ್‌ಟ್ರಾದಲ್ಲಿ ಅದರ ಜೊತೆಗೆ ನೂರಾರು ಆಟಗಳ ಕಪಾಟು. ಮೂರನೆಯದು ಬೇರೆ ಕೆಲವು ದೇಶಗಳಲ್ಲಿ ಪ್ರೀಮಿಯಂ, ನಮ್ಮಲ್ಲಿ ಡೀಲಕ್ಸ್; ಹಳೆಯ ತಲೆಮಾರಿನ ಆಟಗಳು ಮತ್ತು ಹೊಸ ಆಟಗಳ ಸೀಮಿತ ಅವಧಿಯ ಪರೀಕ್ಷೆ ಅದರಲ್ಲಿ ಸಿಗುತ್ತವೆ. ಡೀಲಕ್ಸ್ ಬಗ್ಗೆ ನಾನು ಇಷ್ಟೇ ಹೇಳುವುದು: ಪಿಎಸ್1ರ ಕಾಲದ ಆಟಗಳ ಮೇಲೆ ಪ್ರಾಣ ಇಟ್ಟವರು ಬಿಟ್ಟರೆ ಉಳಿದವರು ಅತ್ತ ನೋಡಬೇಕಿಲ್ಲ.

ತಪ್ಪು ಆಗುವುದು ಎಲ್ಲಿ ಎಂದರೆ, ಗೇಟು ಬೇಕಾದವನು ಕಪಾಟನ್ನೂ ಕೊಳ್ಳುತ್ತಾನೆ, ಕಪಾಟು ಬೇಕಾದವನು ಗೇಟಿಗಾಗಿ ಕೊಂಡೆ ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ. ನಮ್ಮ ಮನೆಯಲ್ಲೂ ಹೀಗೇ ಆಯಿತು. ಮೊದಲ ವರ್ಷ ತಿಂಗಳ ಆಟಗಳನ್ನು ಒಂದೂ ಬಿಡದೆ ‘ಪಡೆದುಕೊಂಡು’ ಇಟ್ಟೆವು. ಮೂವತ್ತಕ್ಕೂ ಹೆಚ್ಚು ಆಟ. ಅವುಗಳಲ್ಲಿ ಮುಗಿಸಿದ್ದು ನಾಲ್ಕು. ಚಂದಾ ಮುಗಿದ ದಿನ ಎಲ್ಲದರ ಮೇಲೂ ಬೀಗದ ಚಿತ್ರ ಬಂತು. ಮತ್ತೆ ಚಂದಾ ಕಟ್ಟಿದರೆ ಬೀಗ ತೆರೆಯುತ್ತದೆ ಎಂಬುದು ನಿಜ. ಆದರೆ ಅದನ್ನು ‘ನಮ್ಮ ಆಟ’ ಎನ್ನಲು ಬಾಯಿ ಬರುವುದಿಲ್ಲ. ವಾಚನಾಲಯದ ಪುಸ್ತಕ ಅದು. ಸದಸ್ಯತ್ವ ಹೋದರೆ ಪುಸ್ತಕವೂ ಹೋಯಿತು.

ಡಿಸ್ಕಿನ ಮರ್ಜಿ ಬೇರೆ. ಹೊಸ ದೊಡ್ಡ ಆಟದ ಡಿಸ್ಕು ನಾಲ್ಕೈದು ಸಾವಿರ ರೂಪಾಯಿ ಆಗುತ್ತದೆ, ಹೌದು. ಆದರೆ ಮುಗಿಸಿದ ಮೇಲೆ ಅದನ್ನು ಮಾರಬಹುದು, ಗೆಳೆಯನ ಡಿಸ್ಕಿನ ಜೊತೆ ಬದಲಾಯಿಸಿಕೊಳ್ಳಬಹುದು. ನಾಲ್ಕು ಜನ ಸೇರಿ ನಾಲ್ಕು ಡಿಸ್ಕು ಕೊಂಡು ವರ್ಷವಿಡೀ ತಿರುಗಿಸುವ ಕಾಲೇಜು ಹುಡುಗರ ಗುಂಪೊಂದು ನನಗೆ ಗೊತ್ತು. ಅವರಿಗೆ ಎಕ್ಸ್‌ಟ್ರಾ ಕಪಾಟು ಬೇಕಾಗಿಯೇ ಇಲ್ಲ. ಡಿಸ್ಕ್ ಹಾಕುವ ಜಾಗವಿಲ್ಲದ ಡಿಜಿಟಲ್ ಕನ್ಸೋಲು ಕೊಂಡವರಿಗೆ ಈ ದಾರಿ ಮುಚ್ಚಿದೆ. ಅಂಥವರ ಪಾಲಿಗೆ ಎಕ್ಸ್‌ಟ್ರಾ ಸ್ವಲ್ಪ ಹೆಚ್ಚು ತೂಗುತ್ತದೆ. ಕನ್ಸೋಲು ಕೊಳ್ಳುವಾಗ ಕೆಲವು ಸಾವಿರ ಉಳಿಸಿದ ಖುಷಿ ಚಂದಾದ ರೂಪದಲ್ಲಿ ನಿಧಾನವಾಗಿ ಕರಗುತ್ತದೆ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ.

ದುಡ್ಡು ಕೊಡದೆ ಏನೇನು ಆಗುತ್ತದೆ

ಕಾರ್ಡ್ ತೆಗೆಯುವ ಮೊದಲು ಒಂದು ವಾರ ಚಂದಾ ಇಲ್ಲದೆ ಆಡಿ ನೋಡಿ. ಫೋರ್ಟ್‌ನೈಟ್, ರಾಕೆಟ್ ಲೀಗ್, ಏಪೆಕ್ಸ್ ಲೆಜೆಂಡ್ಸ್, ಕಾಲ್ ಆಫ್ ಡ್ಯೂಟಿಯ ವಾರ್‌ಝೋನ್, ಗೆನ್ಶಿನ್ ಇಂಪ್ಯಾಕ್ಟ್, ಇಫುಟ್‌ಬಾಲ್ ಇವೆಲ್ಲ ಉಚಿತ ಆಟಗಳು, ಗೇಟಿನ ದುಡ್ಡೂ ಬೇಡ. ಗೆಳೆಯರೊಡನೆ ಮಾತನಾಡುತ್ತಾ ಆಡಲು ಬೇಕಾದ ಧ್ವನಿ ಸಂಪರ್ಕಕ್ಕೂ ಪ್ಲೇಸ್ಟೇಷನ್ನಿನಲ್ಲಿ ಚಂದಾ ಬೇಡ. ಎಕ್ಸ್‌ಬಾಕ್ಸಿನಲ್ಲಿ ಅದು 2021ರಲ್ಲಿ ಉಚಿತವಾಯಿತು. ನನ್ನ ಅಳಿಯ ಕೇಳಿದ್ದು ಇಎ ಎಫ್‌ಸಿ ಎಂಬ ಫುಟ್‌ಬಾಲ್ ಆಟ ಆಡಲು. ಅದು ದುಡ್ಡು ಕೊಟ್ಟು ಕೊಂಡ ಆಟವಾದ್ದರಿಂದ ಅದನ್ನು ಆನ್‌ಲೈನಿನಲ್ಲಿ ಆಡಲು ಚಂದಾ ಬೇಕೇ ಬೇಕು. ಜಿಟಿಎ ಆನ್‌ಲೈನಿಗೂ ಬೇಕು. ವಿಚಿತ್ರ ನೋಡಿ: ಉಚಿತವಾಗಿ ಬಂದವನಿಗೆ ಗೇಟು ತೆರೆದಿದೆ, ದುಡ್ಡು ಕೊಟ್ಟು ಬಂದವನನ್ನು ತಡೆದು ನಿಲ್ಲಿಸುತ್ತಾರೆ.

ಇಫುಟ್‌ಬಾಲ್ ಆಡಿಕೊಂಡಿರು ಎಂದು ನಾನು ಹೇಳಿ ನೋಡಿದೆ. ಗೋಳಿಬಜೆ ಕೇಳಿದವನಿಗೆ ಬನ್ಸ್ ಕೊಟ್ಟ ಹಾಗಾಯಿತು. ಎರಡೂ ಚೆನ್ನಾಗಿವೆ, ಆದರೆ ಕೇಳಿದ್ದು ಅದಲ್ಲ.

ಒಂದೇ ಕೋಣೆಯಲ್ಲಿ ಕೂತು ಆಡುವುದಕ್ಕಂತೂ ಯಾವ ಚಂದಾವೂ ಇಲ್ಲ. ಎರಡನೆಯ ಕಂಟ್ರೋಲರ್ ಒಂದಿದ್ದರೆ ಸಾಕು, ಫುಟ್‌ಬಾಲ್, ಟೆಕ್ಕೆನ್, ಕ್ರಿಕೆಟ್ 24 ಎಲ್ಲವನ್ನೂ ಮನೆಯವರು ಎದುರುಬದುರಾಗಿ ಆಡಬಹುದು. ಕಂಟ್ರೋಲರಿಗೆ ಖರ್ಚಾಗುವುದು ಒಂದು ಸಲ, ಚಂದಾಕ್ಕೆ ಪ್ರತಿ ವರ್ಷ. ಮನೆಗೆ ದಿನವೂ ಗೆಳೆಯರು ಬರುವ ಹುಡುಗನಿಗೆ ಚಂದಾದ ಬದಲು ಕಂಟ್ರೋಲರ್ ಕೊಡಿಸಿ ಎಂದೇ ನನ್ನ ಸಲಹೆ. ಬಂದ ಹುಡುಗರು ಅವಲಕ್ಕಿ, ಚಾ ಎಂದು ಎಷ್ಟು ಖರ್ಚು ಮಾಡಿಸುತ್ತಾರೆ ಎಂಬ ಲೆಕ್ಕ ಅಕ್ಕನ ಬಳಿ ಇದೆ, ಅದನ್ನು ಇಲ್ಲಿ ಸೇರಿಸುವುದಿಲ್ಲ.

ಒಬ್ಬನೇ ಕೂತು ಕಥೆಯ ಆಟ ಆಡುವವರಿಗೆ ಗೇಟಿನ ಪ್ರಶ್ನೆಯೇ ಬರುವುದಿಲ್ಲ. ಒಂದು ಎಚ್ಚರಿಕೆ: ಗ್ರಾನ್ ಟುರಿಸ್ಮೊ 7ರಂಥ ಕೆಲವು ಆಟಗಳು ಒಬ್ಬನೇ ಆಡುವಾಗಲೂ ಇಂಟರ್ನೆಟ್ ಸಂಪರ್ಕ ಕೇಳುತ್ತವೆ. ಅದು ಚಂದಾ ಕೇಳಿದ್ದಲ್ಲ, ಬರೀ ಸಂಪರ್ಕ. ಇವೆರಡನ್ನು ಕಲಸಿಕೊಂಡು ಸುಮ್ಮನೆ ದುಡ್ಡು ಕಟ್ಟಿದವರಿದ್ದಾರೆ.

ವರ್ಷದ ಲೆಕ್ಕ, ಊರಿನ ಲೆಕ್ಕ

ಈಗ ಅಂಕಿಗಳಿಗೆ ಬರೋಣ. 2022ರಲ್ಲಿ ಹೊಸ ದರ್ಜೆಗಳು ಬಂದಾಗ ಭಾರತದಲ್ಲಿ ಎಸೆನ್ಷಿಯಲ್ ಬೆಲೆ ತಿಂಗಳಿಗೆ 499, ಮೂರು ತಿಂಗಳಿಗೆ 1,199, ವರ್ಷಕ್ಕೆ 2,999 ರೂಪಾಯಿ ಇತ್ತು. ಎಕ್ಸ್‌ಟ್ರಾಕ್ಕೆ 749, 1,999, 4,999. ಆಗ ವರ್ಷದ್ದೇ ಲಾಭ ಎಂಬುದರಲ್ಲಿ ಎರಡು ಮಾತಿರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಸೋನಿ ವರ್ಷದ ದರವನ್ನು ಮಾತ್ರ ಏರಿಸಿತು. ಎಸೆನ್ಷಿಯಲ್ 3,949 ಆಯಿತು, ಎಕ್ಸ್‌ಟ್ರಾ 6,699. ದರಗಳು ಸರಿದಾಡುತ್ತಿರುತ್ತವೆ, ಕಟ್ಟುವ ದಿನ ಕನ್ಸೋಲಿನ ಅಂಗಡಿ ಪುಟದಲ್ಲಿ ನೋಡಿಯೇ ಕಟ್ಟಿ. ಆದರೆ ಲೆಕ್ಕ ಹಾಕುವ ರೀತಿ ಒಂದೇ.

ಮೇಲಿನ ಅಂಕಿಗಳನ್ನೇ ಹಿಡಿದರೆ, ಮೂರು ತಿಂಗಳ ಪೊಟ್ಟಣವನ್ನು ಮೂರು ಸಲ ಕೊಂಡರೆ 3,597. ಅಂದರೆ ಒಂಬತ್ತು ತಿಂಗಳು ಆಡಿಯೂ ವರ್ಷದ ಚಂದಾಕ್ಕಿಂತ 352 ರೂಪಾಯಿ ಕಡಿಮೆ. ಒಂಬತ್ತು ತಿಂಗಳಿಗಿಂತ ಹೆಚ್ಚು ಆಡುವವನಿಗೆ ಮಾತ್ರ ವರ್ಷದ್ದು ಗಿಟ್ಟುತ್ತದೆ. ಹಾಗಾದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾವು ವರ್ಷಕ್ಕೆ ಎಷ್ಟು ತಿಂಗಳು ಆಡುತ್ತೇವೆ?

ಇದಕ್ಕೆ ಉತ್ತರ ಜಪಾನಿನ ಅಥವಾ ಅಮೆರಿಕದ ಪಂಚಾಂಗದಲ್ಲಿಲ್ಲ, ತುಳುನಾಡಿನ ಪಂಚಾಂಗದಲ್ಲಿದೆ. ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ, ಮೇ 24ರ ಆಸುಪಾಸು. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮಗಳು ನಿಲ್ಲುತ್ತವೆ. ಕಂಬಳ ಅದಕ್ಕೂ ಮೊದಲೇ ಮುಗಿದಿರುತ್ತದೆ. ಆಮೇಲೆ ಮಳೆ. ಸಂಜೆ ಐದಕ್ಕೇ ಕತ್ತಲು, ಮೈದಾನದಲ್ಲಿ ಕೆಸರು, ರಸ್ತೆಯಲ್ಲಿ ನೀರು. ಜಿಲ್ಲಾಧಿಕಾರಿಗಳು ಮಳೆಯ ರಜೆ ಘೋಷಿಸಿದ ದಿನಗಳಲ್ಲಿ ಮಕ್ಕಳು ಇಡೀ ದಿನ ಮನೆಯೊಳಗೆ. ಚೌತಿ ಹತ್ತಿರ ಬಂತೆಂದರೆ ಮತ್ತೆ ಹೊರಗೆಳೆತ ಶುರು: ಗಣಪತಿ ಪೆಂಡಾಲು, ಅಷ್ಟಮಿಯ ಮೊಸರುಕುಡಿಕೆ, ನವರಾತ್ರಿಯ ಹುಲಿವೇಷ. ದೀಪಾವಳಿ ಕಳೆದರೆ ಮೇಳಗಳು ತಿರುಗಾಟ ಹೊರಡುತ್ತವೆ, ಮದುವೆಗಳ ಸಾಲು ಬರುತ್ತದೆ, ಕನ್ಸೋಲಿನ ಮೇಲೆ ಧೂಳು ಕೂರುತ್ತದೆ. ಪತ್ತನಾಜೆಯಿಂದ ಚೌತಿಯವರೆಗೆ ಎಷ್ಟು? ಸರಿಸುಮಾರು ಮೂರು ತಿಂಗಳು. ಒಂದು ಪೊಟ್ಟಣ.

ಮಲ್ಪೆಯಲ್ಲಿ ಬೋಟಿನ ಕುಟುಂಬದ ಗೆಳೆಯನೊಬ್ಬನಿದ್ದಾನೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕಡಲಿಗಿಳಿಯಲು ನಿಷೇಧ. ಅವನ ಆಟದ ಕಾಲವೂ ಅಷ್ಟೇ. ಉಳಿದ ಹತ್ತು ತಿಂಗಳು ದಕ್ಕೆಯ ಕೆಲಸ, ಮನೆಗೆ ಬಂದರೆ ನಿದ್ದೆ. ಅವನು ತಿಂಗಳ ಚಂದಾ ಎರಡು ಸಲ ಕಟ್ಟಿ 998 ರೂಪಾಯಿ ಕೊಡುತ್ತಿದ್ದ. ಇನ್ನೂರು ರೂಪಾಯಿ ಹೆಚ್ಚು ಕೊಟ್ಟರೆ ಮೂರು ತಿಂಗಳು ಸಿಗುತ್ತದಲ್ಲ ಎಂದರೆ, ‘ಆಗಸ್ಟಿನಲ್ಲಿ ಮೀನು ಬರುತ್ತದೆ, ಆಟ ಯಾರಿಗೆ ಬೇಕು’ ಎಂದ. ಅವನ ಲೆಕ್ಕವೇ ಸರಿ. ಬೇಡದ ತಿಂಗಳು ಅಗ್ಗಕ್ಕೆ ಸಿಕ್ಕಿದರೂ ಅದು ಬೇಡದ್ದೇ.

ಮೂರು ತಿಂಗಳ ಪೊಟ್ಟಣವೆಂದರೆ ದಿನಕ್ಕೆ ಹದಿಮೂರು ರೂಪಾಯಿ, ಒಂದು ಚಾದ ಬೆಲೆ ಎಂದು ಮಾರುವವರು ಹೇಳುತ್ತಾರೆ. ನೀವು ದಿನಾ ಆಡುವುದಿಲ್ಲವಾದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಆಡಿದ ಸಂಜೆಗಳನ್ನು ಎಣಿಸಿ. ವಾರಕ್ಕೆ ಮೂರು ಸಂಜೆಯಂತೆ ಹದಿಮೂರು ವಾರಕ್ಕೆ ಮೂವತ್ತೊಂಬತ್ತು ಸಂಜೆ, ಒಂದು ಸಂಜೆಗೆ ಸುಮಾರು 31 ರೂಪಾಯಿ. ಧಾರಾಳವಾಗಿ ಕೊಡಬಹುದು. ವಾರಕ್ಕೆ ಒಂದೇ ಸಂಜೆ ಆದರೆ 92 ರೂಪಾಯಿ. ಆಗ ಗೇಮಿಂಗ್ ಸೆಂಟರಿಗೆ ಹೋಗಿ ಗಂಟೆಯ ಬಾಡಿಗೆಗೆ ಗೆಳೆಯರ ಪಕ್ಕದಲ್ಲೇ ಕೂತು ಆಡುವುದು ವಾಸಿ ಎನಿಸುತ್ತದೆ.

ಎಕ್ಸ್‌ಟ್ರಾ ಕಪಾಟು ಬೇಕೆನಿಸಿದರೆ ಅದನ್ನೂ ಮಳೆಗಾಲಕ್ಕೇ ಇಟ್ಟುಕೊಳ್ಳಿ. ಮೂರು ತಿಂಗಳಲ್ಲಿ ಕಪಾಟಿನ ಎರಡು ದೊಡ್ಡ ಆಟ ಮುಗಿಸಿದರೆ 1,999 ಕೊಟ್ಟದ್ದು ಸಾರ್ಥಕ. ಯಾವ ಎರಡು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು ಚಂದಾ ಕಟ್ಟಿ, ಇಲ್ಲದಿದ್ದರೆ ಕಪಾಟು ನೋಡುವುದರಲ್ಲೇ ಆಷಾಢ ಕಳೆಯುತ್ತದೆ. ಕಪಾಟಿನ ಆಟಗಳು ಬರುತ್ತಾ ಹೋಗುತ್ತಾ ಇರುತ್ತವೆ. ಅರ್ಧ ಆಡಿದ ಆಟ ಕಪಾಟಿನಿಂದ ಇಳಿದರೆ ಬಾಕಿ ಆಡಲು ಕೊಳ್ಳಲೇಬೇಕು. ಇನ್ನೊಂದು ಸೂಕ್ಷ್ಮ: ಎರಡು ಮೂರು ವರ್ಷದ ಎಸೆನ್ಷಿಯಲ್ ಒಟ್ಟಿಗೆ ಕೂಡಿಟ್ಟುಕೊಂಡವರು ನಡುವೆ ಎಕ್ಸ್‌ಟ್ರಾಕ್ಕೆ ಏರಬೇಕೆಂದರೆ ಒಂದು ತಿಂಗಳಿಗಷ್ಟೇ ಏರಲು ಬರುವುದಿಲ್ಲ. ಉಳಿದಿರುವ ಅಷ್ಟೂ ಅವಧಿಯ ವ್ಯತ್ಯಾಸವನ್ನು ತೆರಬೇಕು. ಕೂಡಿಡುವುದು ಜಾಣತನ ಎಂದು ನಂಬಿದವರಿಗೆ ಇಲ್ಲಿ ಪೆಟ್ಟು ಬೀಳುತ್ತದೆ.

ಸಿಡಿಲು, ಮುರಕಲ್ಲು, ಕರೆಂಟು

ಮಳೆಗಾಲಕ್ಕೆ ಚಂದಾ ಕಟ್ಟು ಎಂದು ಹೇಳಿ, ಮಳೆಗಾಲದಲ್ಲೇ ಕರೆಂಟು ಹೋಗುತ್ತದೆ ಎಂಬುದನ್ನು ಮುಚ್ಚಿಡುವುದು ಮೋಸವಾಗುತ್ತದೆ. ಗಾಳಿಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ಆ ಸಂಜೆಯ ಪಂದ್ಯ ಮುಗಿಯಿತು. ರೌಟರಿಗೆ ಪುಟ್ಟ ಯುಪಿಎಸ್ ಹಾಕಿದರೆ ಇಂಟರ್ನೆಟ್ ಉಳಿಯುತ್ತದೆ, ಆದರೆ ಕನ್ಸೋಲು ಮತ್ತು ಟಿವಿ ಎರಡನ್ನೂ ಹೊರಬಲ್ಲ ಇನ್ವರ್ಟರ್ ಎಲ್ಲರ ಮನೆಯಲ್ಲಿ ಇರುವುದಿಲ್ಲ. ನಿಮ್ಮ ಬಡಾವಣೆಯಲ್ಲಿ ಜುಲೈ ತಿಂಗಳಲ್ಲಿ ವಾರಕ್ಕೆ ನಾಲ್ಕು ಸಂಜೆ ಕತ್ತಲಾಗಿರುತ್ತದೆ ಎಂದಾದರೆ ಮೇಲೆ ಹೇಳಿದ ಮೂವತ್ತೊಂಬತ್ತು ಸಂಜೆಗಳಿಂದ ಅಷ್ಟನ್ನು ಕಳೆಯಿರಿ.

ಹಳೆಯ ಹಂಚಿನ ಮನೆಗಳಲ್ಲಿ ಇನ್ನೊಂದು ತಾಪತ್ರಯ. ಮುರಕಲ್ಲಿನ ದಪ್ಪ ಗೋಡೆ ವೈಫೈಯನ್ನು ನುಂಗಿಬಿಡುತ್ತದೆ. ಚಾವಡಿಯಲ್ಲಿ ರೌಟರ್, ಒಳಗಿನ ಕೋಣೆಯಲ್ಲಿ ಕನ್ಸೋಲು ಇದ್ದರೆ ಚೆಂಡು ಒದ್ದು ಅರೆಗಳಿಗೆಯ ಮೇಲೆ ಗೋಲು ಕಾಣುತ್ತದೆ. ‘ಚಂದಾ ಕಟ್ಟಿಯೂ ಆಟ ಸರಿಯಿಲ್ಲ’ ಎಂದು ದೂರುವವರಲ್ಲಿ ಅರ್ಧಕ್ಕರ್ಧ ಮಂದಿಗೆ ಬೇಕಿರುವುದು ಒಂದು ಉದ್ದದ ಲ್ಯಾನ್ ವೈರು. ಚಂದಾ ಕಟ್ಟಿದರೆ ಇಂಟರ್ನೆಟ್ಟಿನ ವೇಗ ಹೆಚ್ಚುವುದಿಲ್ಲ. ಮೊದಲು ವೈರು ಎಳೆಯಿರಿ, ಆಮೇಲೆ ದುಡ್ಡು ಕಟ್ಟಿ.

ಆದರೆ ಅದೇ ವೈರಿನಲ್ಲಿ ನಮಗೆ ಸಿಡಿಲು ಬಂತು. ಕಳೆದ ಅಕ್ಟೋಬರಿನ ಒಂದು ಸಂಜೆ ಪ್ಲಗ್ ಕಳಚುವ ಮೊದಲೇ ಬಡಿಯಿತು. ಮೋಡೆಮ್ ಸುಟ್ಟು ಹೋಯಿತು, ಕನ್ಸೋಲೂ ದುರಸ್ತಿಗೆ ಹೋಯಿತು. ಆಗ ನನಗೆ ಗೇಟಿಗಿಂತಲೂ ಕಪಾಟಿಗಿಂತಲೂ ಬೆಲೆಬಾಳುವ ಮೂರನೆಯ ಸಾಮಾನು ಪೊಟ್ಟಣದಲ್ಲಿದೆ ಎಂದು ತಿಳಿದದ್ದು: ಕ್ಲೌಡ್ ಸೇವ್. ಆಟ ಎಲ್ಲಿಯವರೆಗೆ ಬಂದಿದೆ ಎಂಬ ಕಡತವನ್ನು ಪಿಎಸ್4ರಲ್ಲಿ ಪೆನ್‌ಡ್ರೈವಿಗೆ ನಕಲು ಮಾಡಬಹುದಿತ್ತು. ಪಿಎಸ್5ರ ಆಟಗಳ ಕಡತಗಳನ್ನು ಹಾಗೆ ಬಿಡಿಬಿಡಿಯಾಗಿ ನಕಲು ಮಾಡಲು ಬಿಡುವುದಿಲ್ಲ. ಇಡೀ ಕನ್ಸೋಲಿನ ಬ್ಯಾಕಪ್ಪನ್ನು ಹೊರಗಿನ ಡ್ರೈವಿಗೆ ತೆಗೆಯಬಹುದು, ಅದನ್ನು ನೆನಪಿಟ್ಟು ಮಾಡುವವರು ಎಷ್ಟು ಜನ? ಪ್ಲಸ್ ಇದ್ದರೆ ಕಡತಗಳು ತಾವಾಗಿಯೇ ಸೋನಿಯ ಸರ್ವರಿಗೆ ಹೋಗುತ್ತವೆ. ಎಕ್ಸ್‌ಬಾಕ್ಸ್ ಇದೇ ಸೌಲಭ್ಯವನ್ನು ಎಲ್ಲರಿಗೂ ಚಂದಾ ಇಲ್ಲದೆ ಕೊಡುತ್ತದೆ. ಇದನ್ನು ಅದರ ದೊಡ್ಡ ಗುಣವೆಂದು ನಾನು ಎಣಿಸುತ್ತೇನೆ. ಸಿಡಿಲೂ ಉಪ್ಪುಗಾಳಿಯೂ ಇರುವ ಊರಿನಲ್ಲಿ ಯಂತ್ರ ಯಾವಾಗ ಕೈಕೊಡುತ್ತದೆ ಎಂದು ಹೇಳಲಾಗದು. ನೂರು ಗಂಟೆ ಆಡಿದ ಆಟವೊಂದು ನಿಮ್ಮಲ್ಲಿದ್ದರೆ, ವರ್ಷದ ಚಂದಾ ಬೇಡವೆನ್ನುವವರು ಆರು ತಿಂಗಳಿಗೊಮ್ಮೆಯಾದರೂ ಡ್ರೈವಿಗೆ ಬ್ಯಾಕಪ್ ತೆಗೆಯಿರಿ.

ದುಬೈಯಿಂದ ಬಂದ ಪೆಟ್ಟಿಗೆ

ನಮ್ಮಲ್ಲಿ ಎಷ್ಟೋ ಕನ್ಸೋಲುಗಳು ಅಂಗಡಿಯಿಂದ ಬಂದವಲ್ಲ, ವಿಮಾನ ನಿಲ್ದಾಣದಿಂದ ಬಂದವು. ನಮ್ಮದನ್ನೂ ದುಬೈಯಲ್ಲಿರುವ ಭಾವ ತಂದದ್ದು. ಡಿಸ್ಕುಗಳಿಗೆ ದೇಶದ ಹಂಗಿಲ್ಲ, ಎಲ್ಲಿಯದನ್ನು ಹಾಕಿದರೂ ಓಡುತ್ತದೆ. ಖಾತೆಗೆ ಮಾತ್ರ ಹಂಗಿದೆ. ಅಲ್ಲೇ ಪೆಟ್ಟಿಗೆ ಬಿಚ್ಚಿ ಅಲ್ಲಿಯ ಖಾತೆ ತೆರೆದುಕೊಂಡು ಬಂದರೆ ಚಂದಾದ ದರ ಅಲ್ಲಿಯದು, ಕೊಳ್ಳುವ ವೋಚರೂ ಅಲ್ಲಿಯದೇ ಆಗಬೇಕು. ಇಲ್ಲಿ ಕೊಂಡ ರೂಪಾಯಿಯ ಕಾರ್ಡು ಆ ಖಾತೆಗೆ ಹಿಡಿಯುವುದಿಲ್ಲ. ಖಾತೆಯ ದೇಶವನ್ನು ಆಮೇಲೆ ಬದಲಿಸುವುದು ಸುಲಭದ ಮಾತಲ್ಲ. ಆದ್ದರಿಂದ ಆಡುವವನು ಇಲ್ಲಿದ್ದರೆ ಖಾತೆಯನ್ನು ಇಲ್ಲಿಯದೇ ತೆರೆಯಿರಿ, ಆಟದ ಜೊತೆ ಬರುವ ಹೆಚ್ಚುವರಿ ಭಾಗಗಳನ್ನು ಡಿಸ್ಕು ಕೊಂಡ ದೇಶದ ಅಂಗಡಿಯಿಂದಲೇ ಕೊಳ್ಳಬೇಕಾಗುತ್ತದೆ ಎಂಬುದನ್ನೂ ನೆನಪಿಡಿ.

ಇನ್ನು ಈ ಚಂದಾದಿಂದ ನಮ್ಮ ಮನೆಗೆ ನಿಜವಾಗಿ ಆದ ಉಪಯೋಗ. ಭಾವನ ಬಳಿಯೂ ಒಂದು ಕನ್ಸೋಲು ಇದೆ. ಅಲ್ಲಿ ರಾತ್ರಿ ಎಂಟು ಎಂದರೆ ಇಲ್ಲಿ ಒಂಬತ್ತೂವರೆ. ಶನಿವಾರ ಆ ಹೊತ್ತಿಗೆ ಅಪ್ಪ ಮಗ ಇಬ್ಬರೂ ಒಂದು ಪಂದ್ಯ ಆಡುತ್ತಾರೆ. ಫೋನಿನಲ್ಲಾದರೆ ‘ಊಟ ಆಯಿತೇ, ಮಾರ್ಕ್ಸ್ ಎಷ್ಟು’ ಎಂಬಲ್ಲಿಗೆ ಮಾತು ನಿಲ್ಲುತ್ತಿತ್ತು. ಆಡುವಾಗ ಒಬ್ಬರನ್ನೊಬ್ಬರು ಗೇಲಿ ಮಾಡುತ್ತಾರೆ, ಜಗಳವಾಡುತ್ತಾರೆ, ನಡುವೆ ಏನೇನೋ ಹೊರಗೆ ಬರುತ್ತದೆ. ಅಕ್ಕ ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಾಳೆ. ಇದಕ್ಕೆ ಎರಡೂ ಕಡೆ ಬೇರೆ ಬೇರೆ ಚಂದಾ ಬೇಕು, ಖರ್ಚು ಇಮ್ಮಡಿ. ಈ ಒಂದು ಕಾರಣಕ್ಕಾಗಿ ವರ್ಷದ ಚಂದಾ ಕಟ್ಟುವವರ ಜೊತೆ ನಾನು ವಾದ ಮಾಡುವುದಿಲ್ಲ.

ಒಂದೇ ಮನೆಯ ಒಂದೇ ಕನ್ಸೋಲಿನಲ್ಲಿ ಆಡುವವರಿಗೆ ಒಂದೇ ಚಂದಾ ಸಾಕು. ಚಂದಾ ಇರುವ ಖಾತೆಯಲ್ಲಿ ಕನ್ಸೋಲ್ ಹಂಚಿಕೆಯ ಆಯ್ಕೆಯನ್ನು ಚಾಲೂ ಇಟ್ಟರೆ ಆ ಯಂತ್ರದ ಉಳಿದ ಖಾತೆಗಳಿಗೂ ಗೇಟು ತೆರೆಯುತ್ತದೆ. ಅಣ್ಣನಿಗೊಂದು ತಮ್ಮನಿಗೊಂದು ಎಂದು ಕಟ್ಟುತ್ತಿರುವ ಮನೆಗಳು ಇಂದೇ ಅದನ್ನು ನೋಡಿಕೊಳ್ಳಿ. ನಮ್ಮಲ್ಲಿ ಚಂದಾ ನನ್ನ ಖಾತೆಯಲ್ಲಿದೆ, ಅನುಭವಿಸುವವನು ಅಳಿಯ. ಮಾವನ ಆಸ್ತಿ ಅಳಿಯನಿಗೆ ಸಲ್ಲುವ ಅಳಿಯಕಟ್ಟಿನ ಕುಟುಂಬದಲ್ಲಿ ಹುಟ್ಟಿದ ನನಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ.

ಉಳಿದ ಕನ್ಸೋಲುಗಳು

ಎಕ್ಸ್‌ಬಾಕ್ಸಿನ ಗೇಮ್ ಪಾಸ್ ಹುಟ್ಟಿನಿಂದಲೇ ಕಪಾಟಿನ ಕಡೆ ವಾಲಿದ್ದು. 2025ರ ಅಕ್ಟೋಬರಿನಲ್ಲಿ ಅದರ ದರ್ಜೆಗಳೂ ಎಸೆನ್ಷಿಯಲ್, ಪ್ರೀಮಿಯಂ, ಅಲ್ಟಿಮೇಟ್ ಎಂದು ಬದಲಾದವು. ಭಾರತದಲ್ಲಿ ಆಗ ತಿಂಗಳಿಗೆ 499, 699, 1,389 ರೂಪಾಯಿ. ಅಲ್ಟಿಮೇಟ್ ಅದಕ್ಕೆ ಮೊದಲು 829 ಇತ್ತು. ಮೈಕ್ರೋಸಾಫ್ಟಿನ ಸ್ವಂತ ಆಟಗಳು ಬಿಡುಗಡೆಯ ದಿನವೇ ಬೇಕೆನ್ನುವವರಿಗೆ ಇದ್ದ ಒಳ್ಳೆಯ ವ್ಯವಹಾರ ಒಂದೇ ಏಟಿಗೆ ದುಬಾರಿಯಾಯಿತು. ಹಾಗಿದ್ದರೂ ಹೊಸ ದೊಡ್ಡ ಆಟ ಬಂದ ತಿಂಗಳು ಮಾತ್ರ ಅಲ್ಟಿಮೇಟ್ ಕಟ್ಟಿ, ಮುಗಿಸಿ, ಬಿಟ್ಟುಬಿಡುವ ಶಿಸ್ತು ಇದ್ದವರಿಗೆ ಡಿಸ್ಕಿಗಿಂತ ಅದೇ ಅಗ್ಗ. ನನಗೆ ಆ ಶಿಸ್ತಿಲ್ಲ. ನಿಂಟೆಂಡೊದ ಚಂದಾ ಮೂರರಲ್ಲಿ ಅತಿ ಕಡಿಮೆ, ಅಮೆರಿಕದಲ್ಲಿ ವರ್ಷಕ್ಕೆ 20 ಡಾಲರಿನ ಒಳಗೆ ಶುರುವಾಯಿತು. ಆದರೆ ನಮ್ಮ ದೇಶದಲ್ಲಿ ಅದರ ಅಧಿಕೃತ ಮಾರಾಟವೇ ಇಲ್ಲವಾದ್ದರಿಂದ ವಿದೇಶದ ಖಾತೆಯ ಗೋಜಲು ತಪ್ಪಿದ್ದಲ್ಲ. ಸುರತ್ಕಲ್ಲಿನಲ್ಲೋ ಮಣಿಪಾಲದಲ್ಲೋ ಓದುತ್ತಾ ಹಾಸ್ಟೆಲಿನಲ್ಲಿರುವವರು, ಓದಿಗೆಂದು ಹೇಗೂ ಶಕ್ತಿಶಾಲಿ ಲ್ಯಾಪ್‌ಟಾಪ್ ಇದ್ದರೆ, ಗೇಟಿನ ಗೊಡವೆಯೇ ಇಲ್ಲದೆ ಅದರಲ್ಲೇ ಆಡಿ. ಲ್ಯಾಪ್‌ಟಾಪನ್ನು ಆಟಕ್ಕೆಂದೇ ಕೊಳ್ಳುವುದಾದರೆ, ಅದಕ್ಕೆ ಹೆಚ್ಚು ಕೊಡುವ ದುಡ್ಡಿನಲ್ಲಿ ಹತ್ತು ವರ್ಷದ ಚಂದಾ ಬರುತ್ತದೆ.

ಗೇಟಿಗೆ ದುಡ್ಡು ಕೊಟ್ಟರೂ ರಸ್ತೆ ಯಾವಾಗಲೂ ತೆರೆದಿರುತ್ತದೆ ಎಂದಲ್ಲ. 2011ರ ಏಪ್ರಿಲಿನಲ್ಲಿ ಕನ್ನ ಬಿದ್ದು ಪ್ಲೇಸ್ಟೇಷನ್ ಜಾಲ ಮೂರು ವಾರಕ್ಕೂ ಹೆಚ್ಚು ಮುಚ್ಚಿತ್ತು. 2025ರ ಫೆಬ್ರುವರಿಯಲ್ಲಿ ಮತ್ತೆ ಸುಮಾರು ಒಂದು ದಿನ ನಿಂತಿತು, ಸೋನಿ ಚಂದಾದಾರರಿಗೆ ಐದು ದಿನ ಸೇರಿಸಿ ಕೊಟ್ಟಿತು. ಡಿಸ್ಕು ಹಾಕಿ ಒಬ್ಬರೇ ಆಡುವವರಲ್ಲಿ ಹಲವರಿಗೆ ಅದು ಗೊತ್ತೂ ಆಗಲಿಲ್ಲ.

ಅಮ್ಮನಿಗೆ ಬೇರೆಯೇ ಚಿಂತೆ. ‘ಆನ್‌ಲೈನ್ ಗೇಮ್ ಎಲ್ಲ ಬಂದ್ ಆಯಿತೆಂದು ಪೇಪರಿನಲ್ಲಿ ಬಂದಿತ್ತಲ್ಲ, ಪೊಲೀಸರು ಬಂದರೆ?’ ಎಂದು ಕೇಳಿದರು. ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ ತಂದ ಕಾಯ್ದೆ ನಿಷೇಧಿಸಿದ್ದು ದುಡ್ಡು ಪಣಕ್ಕಿಟ್ಟು ದುಡ್ಡು ಗೆಲ್ಲುವ ಆಟಗಳನ್ನು. ಚಂದಾ ಕಟ್ಟಿ ಮನರಂಜನೆಗೆ ಆಡುವ ಆಟ ಅದರಲ್ಲಿ ಬರುವುದಿಲ್ಲ. ಹೀಗೆಂದು ಬಿಡಿಸಿ ಹೇಳಿದ ಮೇಲೆ ಅಮ್ಮ ಒಪ್ಪಿದರು, ಆದರೆ ಕಂಟ್ರೋಲರಿನ ಮೇಲಿನ ಅಪನಂಬಿಕೆ ಹಾಗೇ ಇದೆ.

ಈ ವರ್ಷ ನಮ್ಮ ಮನೆಯಲ್ಲಿ ಆದ ತೀರ್ಮಾನ: ಪತ್ತನಾಜೆಯ ವಾರ ಎಸೆನ್ಷಿಯಲ್, ಮೂರು ತಿಂಗಳು. ಡಿಸೆಂಬರಿನಲ್ಲಿ ಭಾವ ರಜೆಗೆ ಬಂದಾಗ ಒಂದೇ ಸೋಫಾದಲ್ಲಿ ಕೂತು ಆಡುತ್ತಾರೆ, ಅದಕ್ಕೆ ಏನೂ ಕಟ್ಟಬೇಕಿಲ್ಲ. ನಡುವಿನ ತಿಂಗಳುಗಳಲ್ಲಿ ಅಪ್ಪ ಮಗನಿಗೆ ಶನಿವಾರದ ಪಂದ್ಯ ಬೇಕೇಬೇಕು ಎಂದಾದರೆ ಇನ್ನೊಂದು ಪೊಟ್ಟಣ, ಅದು ಭಾವನ ಖರ್ಚು.

ಮರೆಯಬಾರದ ಕೆಲಸ ಒಂದಿದೆ. ಚಂದಾ ಕಟ್ಟುತ್ತಿದ್ದಂತೆ ತಾನಾಗಿ ನವೀಕರಣವಾಗುವ ಆಯ್ಕೆ ಚಾಲೂ ಆಗುತ್ತದೆ. ದುಡ್ಡು ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರಬೇಕೆಂಬ ನಿಯಮವನ್ನು ರಿಸರ್ವ್ ಬ್ಯಾಂಕ್ ಮಾಡಿದೆ, ನನಗೂ ಸಂದೇಶ ಬಂದಿತ್ತು. ಬಂದದ್ದು ತಂಗಿಯ ಮದುವೆಯ ದಿನ, ಫೋನು ಯಾರದೋ ಚೀಲದಲ್ಲಿತ್ತು. ವರ್ಷದ ಪೂರ್ತಿ ದುಡ್ಡು ಹೋದದ್ದು ಗೊತ್ತಾದದ್ದು ಬೀಗರ ಔತಣ ಮುಗಿಸಿ ಬಂದ ಮೇಲೆ. ಈಗ ಚಂದಾ ಕಟ್ಟಿದ ರಾತ್ರಿಯೇ ಆ ಆಯ್ಕೆಯನ್ನು ಮುಚ್ಚುತ್ತೇನೆ. ಮುಚ್ಚಿದರೂ ಕಟ್ಟಿದ ಅವಧಿ ಮುಗಿಯುವವರೆಗೆ ಗೇಟು ತೆರೆದೇ ಇರುತ್ತದೆ.